ಹೊಗಿ ಪೈಪಿನ ಸುತ್ತ ಖಾಲಿ ಜಾಗಾ ಯಾಕ ಬೇಕು: ಪತ್ರಾ ಮನಿಗಿ ಇನ್ಸುಲೇಷನ್ ಹಾಕ್ಸೋರಿಗಿ

ನಮ್ಮ ಅವ್ವಗ ಗೀಸರ್ ನೀರು ಸೇರಂಗಿಲ್ಲ, ಬಂಬ್‌ನ್ಯಾಗ ಕಟಗಿ ಹಚ್ಚಿ ಕಾಯಿಸಿದ ನೀರೇ ಬೇಕು. ಹಿಂಗಾಗಿ ಕಲಬುರ್ಗಿ ಆಳಂದ ರೋಡ್ ಕಡಿ ಇರೋ ನಮ್ಮ ಮನಿ ಮ್ಯಾಲ ಪತ್ರಾ (ತಗಡಿನ ಶೀಟು) ಹೊಡ್ಸಿ ಒಂದು ರೂಮು, ಅದಕ್ಕ ಹತ್ತಿ ಒಂದು ಬಚ್ಚಲ ಮಾಡ್ಸಿದಾಗ ಅಲ್ಲೇ ಬಂಬ್ ಇಟ್ಟು ಅದರ ಹೊಗಿ ಪೈಪು ಪತ್ರಾ ತೂತು ಮಾಡಿ ಹೊರಗ ಬಿಟ್ವಿ. ಎರಡು ವರ್ಷ ಚೊಲೋ ನಡೀತು. ಆದ್ರ ಏಪ್ರಿಲ್ ಮೇ ತಿಂಗಳು ಪತ್ರಾ ಕೆಳಗ ಮಲಗೋದು ಅಂದ್ರ ಏನಂತ ಈ ಕಡಿ ಮಂದಿಗಿ ಹೇಳೋದ್ ಬ್ಯಾಡ, ಹೊರಗ 42-43 ಡಿಗ್ರಿ ಇದ್ರ ಪತ್ರಾನೇ 60 ದಾಟ್ತದ, ರಾತ್ರಿ ಹತ್ತಾದ್ರೂ ಮ್ಯಾಲಿಂದ ಕೆಂಡ ಸುರದಂಗ ಇರ್ತದ. ಅದಕ್ಕ ಮಿಸ್ತ್ರಿ ಕರೆಸಿ ಪತ್ರಾ ಕೆಳಗ ಥರ್ಮಾಕೋಲ್ ಹಾಕ್ಸಿ, ಅದರ ಕೆಳಗ ಕಟಗಿ ಪಟ್ಟಿ ಹೊಡ್ಸಿ ಪಿವಿಸಿ ಸೀಲಿಂಗ್ ಮಾಡ್ಸಿದ್ವಿ. ಪೈಪಿನ ಸುತ್ತ ಒಂದು ಸ್ವಲ್ಪ ಸಂದಿ ಉಳದಿತ್ತು, ಅದನ್ನ ನೋಡಿ ಮಿಸ್ತ್ರಿ "ಗ್ಯಾಪ್ ಬಿಟ್ರ ಝಳ ಬರ್ತದ್ರಿ" ಅಂತ ಥರ್ಮಾಕೋಲ್ ಚೂರು ತುರುಕಿ ಮ್ಯಾಲ ಫೋಮ್ ಸ್ಪ್ರೇ ಹೊಡದು ಬಂದ್ ಮಾಡಿ ಹೋದ. ನನಗೂ ಅದು ಸರಿನೇ ಅನಸ್ತು, ನಾನೇ ಚಾ ಕೊಟ್ಟು ಕಳಿಸ್ದೆ.

ಡಿಸೆಂಬರ್ ಥಂಡಿಗಿ ಬಂಬ್ ದಿನಾ ಎರಡು ಸಲ ಉರೀಲಾಕ ಸುರು ಆದ ಮ್ಯಾಲ ಒಂದಿನ ಅವ್ವ ಅಂದ್ಳು, ಬಚ್ಚಲದಾಗ ಪ್ಲಾಸ್ಟಿಕ್ ಸುಟ್ಟಂಗ ವಾಸನಿ ಬರ್ಲಾಕತ್ತ್ಯಾದ ನೋಡಪ್ಪ ಅಂತ. ಸ್ಟೂಲ್ ಹಾಕಿ ಸೀಲಿಂಗಿನ ಒಂದು ಪಟ್ಟಿ ಬಿಚ್ಚಿ ಟಾರ್ಚ್ ಬಿಟ್ರ ಎದಿ ಝಲ್ ಅಂತು. ಪೈಪಿನ ಸುತ್ತ ಥರ್ಮಾಕೋಲ್ ಕರಗಿ ಕುಗ್ಗಿ ಹೋಗಿತ್ತು, ಫೋಮ್ ಕಂದು ಬಣ್ಣಕ್ಕ ತಿರುಗಿ ಪುಡಿ ಪುಡಿ ಆಗಿತ್ತು, ಪೈಪಿನಿಂದ ಮೂರು ಬೆರಳು ದೂರ ಇದ್ದ ಕಟಗಿ ಪಟ್ಟಿ ಅಂಚು ಕರ್ರಗಾಗಿತ್ತು. ಬೆಂಕಿ ಹತ್ತಿರ್ಲಿಲ್ಲ ಖರೇ, ಆದ್ರ ಅವ್ವ ದಿನಾ ಬೆಳಿಗ್ಗೆ ಅದರ ಕೆಳಗೇ ಕುಂತು ಕಟಗಿ ಹಾಕ್ತಿದ್ಳು ಅನ್ನೋದು ನೆನಪಾದ್ರ ಈಗಲೂ ಮೈ ಜುಂ ಅಂತದ. ಅವತ್ತಿಂದ ಈ ವಿಷಯ ಕೂತು ಓದೀನಿ, ವೆಲ್ಡಿಂಗ್ ಅಂಗಡ್ಯಾಗ ನಿಂತು ಮಾಡ್ಸೀನಿ, ಹಂಗಾಗಿ ತಿಳದದ್ದು ಪೂರ್ತಿ ಬರೀತೀನಿ, ಯಾಕಂದ್ರ ನಮ್ಮೂರಾಗ ಪತ್ರಾ ಮನಿ, ಸೀಲಿಂಗ್, ಹೊಗಿ ಪೈಪು ಮೂರೂ ಒಂದೇ ಕಡಿ ಇರೋ ಮನಿ, ಖಾನಾವಳಿ, ಬೇಕರಿ ಭಾಳ ಅವ.

ಮೊದಲ ಒಂದು ಮಾತು ತಲ್ಯಾಗ ಕುಂದ್ರಿಸ್ಕೋಬೇಕು. ಇನ್ಸುಲೇಷನ್ ಅನ್ನೋದು ಒಂದು ಕೌದಿ ಇದ್ದಂಗ. ಕೌದಿಗಿ ತನ್ನದೇ ಬಿಸಿ ಇಲ್ಲ ಥಂಡಿ ಇಲ್ಲ, ಬಿಸಿ ಆ ಕಡಿಯಿಂದ ಈ ಕಡಿಗಿ ಹೋಗ್ದಂಗ ತಡೀತದ ಅಷ್ಟ. ಪತ್ರಾ ಕೆಳಗ ಹಾಕಿದ್ರ ಬಿಸಲಿನ ಝಳ ಒಳಗ ಬರ್ದಂಗ ತಡೀತದ, ಒಳ್ಳೇದು. ಅದೇ ಕೌದಿ ಹೊಗಿ ಪೈಪಿಗಿ ಸುತ್ತಿದ್ರ? ಪೈಪಿನ ಬಿಸಿ ಹೊರಗ ಹೋಗ್ದಂಗ ತಡೀತದ. ಹೊಗಿ ಪೈಪು ಸುರಕ್ಷಿತ ಇರೋದೇ ತನ್ನ ಮೈ ಬಿಸಿನ ಸುತ್ತಲಿನ ಗಾಳಿಗಿ ಬಿಟ್ಟು ಬಿಟ್ಟು. ಒಳಗ ಹೊಗಿ 200-400 ಡಿಗ್ರಿ ಬಿಸಿ ಇದ್ರೂ ಪೈಪಿನ ಮೈ ಅಷ್ಟು ಏರಂಗಿಲ್ಲ, ಯಾಕಂದ್ರ ಹೊರಗಿನ ಗಾಳಿ ಪ್ರತಿ ಕ್ಷಣ ಅದರ ಬಿಸಿ ಒಯ್ತಿರ್ತದ. ಸುತ್ತ ಏನರ ತುರುಕಿ ಬಿಟ್ರ ಆ ಗಾಳಿ ನಿಂತ್ ಹೋಗ್ತದ, ಪೈಪಿನ ಮೈ ಏರ್ಕೋತ ಏರ್ಕೋತ ಒಳಗಿನ ಹೊಗಿ ಬಿಸಿಗೇ ಹತ್ರ ಬರ್ತದ. ಅಂದ್ರ ನಮ್ಮ ಮಿಸ್ತ್ರಿ ಬಂದ್ ಮಾಡಿದ ಆ ಸಂದೀನೇ ನಮ್ಮ ಮನಿ ಕಾಯ್ತಿದ್ದದ್ದು.

ಬಿಸಿ ಇನ್ನೊಂದು ದಾರಿಯಿಂದನೂ ಬರ್ತದ, ಅದು ಮುಟ್ಟದೇನೇ ಬರೋ ಝಳ. ಒಲಿ ಮುಂದ ಕುಂತಾಗ ಮಾರಿಗಿ ಹತ್ತೋ ಕಾವು ಅದೇ. ಇದರ ಲೆಕ್ಕ ಭಾಳ ಜನಕ್ಕ ಗೊತ್ತಿಲ್ಲ, ಪೈಪಿನ ಮೈ 150 ಡಿಗ್ರಿಯಿಂದ 300 ಡಿಗ್ರಿಗಿ ಹೋದ್ರ ಝಳ ಎರಡು ಪಟ್ಟು ಆಗ್ತದ ಅಂತ ತಿಳ್ಕೋತೀವಿ, ಹಂಗಲ್ಲ, ಮೂರು ಪಟ್ಟಿಗಿಂತ ಹೆಚ್ಚಾಗ್ತದ. ಅದಕ್ಕ ದಿನಾ ನೀರು ಕಾಯ್ಸುವಾಗ ಕೈ ಇಟ್ಟು ನೋಡಿ "ಇಷ್ಟೇ ಬಿಸಿ" ಅಂತ ಲೆಕ್ಕ ಹಾಕೋದು ಸರಿ ಆಗಂಗಿಲ್ಲ. ಹಬ್ಬಕ್ಕ ಮನಿ ತುಂಬ ಮಂದಿ ಬಂದಾಗ ಬಂಬ್ ನಾಲ್ಕು ತಾಸು ಬಿಡದೆ ಉರಿದ್ರ ಏನಾಗ್ತದ ಅನ್ನೋದು ಲೆಕ್ಕ.

ಈಗ "ಇಷ್ಟು ವರ್ಷ ಏನೂ ಆಗಿಲ್ಲಲ್ರಿ" ಅನ್ನೋ ಮಾತಿಗಿ ಬರ್ತೀನಿ. ನಾನು ಎಲ್ಲರ ಬಾಯಾಗ ಕೇಳೋ ಮಾತು ಇದು, ಮತ್ತ ಇದರಷ್ಟು ಮೋಸದ ಮಾತು ಈ ವಿಷಯದಾಗ ಇನ್ನೊಂದಿಲ್ಲ. ಹೊಸ ಕಟಗಿಗಿ ಬೆಂಕಿ ಹತ್ಬೇಕಂದ್ರ ಸುಮಾರು 250-300 ಡಿಗ್ರಿ ಬಿಸಿ ಬೇಕು. ಆದ್ರ ಅದೇ ಕಟಗಿನ 100 ಡಿಗ್ರಿ ಆಸುಪಾಸಿನ ಬಿಸಿಯೊಳಗ ತಿಂಗಳುಗಟ್ಟಲೆ ವರ್ಷಗಟ್ಟಲೆ ಇಟ್ರ ಅದು ಒಳಗೊಳಗೇ ಒಣಗಿ ಬಣ್ಣ ಬದಲಾಗಿ ನಿಧಾನಕ್ಕ ಇದ್ದಲಿ ಆಗ್ಲಾಕ ಸುರು ಆಗ್ತದ. ಇದ್ದಲಿಗಿ ಬೆಂಕಿ ಎಷ್ಟು ಜಲ್ದಿ ಹಿಡೀತದ ಅನ್ನೋದು ಇಸ್ತ್ರಿ ಅಂಗಡಿಯವ್ರಿಗಿ ಕೇಳ್ರಿ. ಅಂದ್ರ ಮೊದಲನೇ ವರ್ಷ ಏನೂ ಆಗ್ಲಾರದ ಬಿಸಿಗೇ ಐದನೇ ವರ್ಷ ಅದೇ ಪಟ್ಟಿ ಹತ್ತಿ ಉರೀಬಹುದು. ಪ್ರತಿ ವರ್ಷ ಏನೂ ಆಗಿಲ್ಲ ಅಂತ ನಾವು ಧೈರ್ಯ ತಗೋತೀವಿ, ಆ ಕಟಗಿ ಪ್ರತಿ ವರ್ಷ ಬೆಂಕಿಗಿ ಇನ್ನೊಂದು ಹೆಜ್ಜಿ ಹತ್ರ ಹೋಗಿರ್ತದ. ನಮ್ಮ ಪಟ್ಟಿ ಒಂದೇ ಹಂಗಾಮಿನ್ಯಾಗ ಕರ್ರಗಾಗಿತ್ತು.

ಯಾವ ಸಾಮಾನು ಎಷ್ಟು ಬಿಸಿ ತಡೀತದ ಅನ್ನೋದು ಅಂಗಡ್ಯಾಗ ಯಾರೂ ಹೇಳಂಗಿಲ್ಲ, ಅದಕ್ಕ ಇಲ್ಲಿ ಬರೀತೀನಿ. ಥರ್ಮಾಕೋಲ್ 80 ಡಿಗ್ರಿ ಆಸುಪಾಸಿಗೇ ಮೆತ್ತಗಾಗಿ ಕುಗ್ಗಲಾಕ ಸುರು ಆಗ್ತದ. ಪಿವಿಸಿ ಸೀಲಿಂಗ್ ಪಟ್ಟಿನೂ ಸುಮಾರು ಅಷ್ಟಕ್ಕೇ ಬಾಗ್ತದ, ಉರಿದ್ರ ಅದರ ಹೊಗಿ ಗಂಟಲಾ ಕಣ್ಣು ಸುಡೋ ಆಸಿಡ್ ಹೊಗಿ. ಬೆಳ್ಳಿ ಹಾಳಿ ಹಚ್ಚಿದ ಬಬಲ್ ಶೀಟ್ ಈಗ ಭಾಳ ಮಂದಿ ಹಾಕ್ತಾರ, ಮಿಣ ಮಿಣ ಮಿಂಚ್ತದ ಅಂತ ಅದು ಬೆಂಕಿ ತಡೀತದ ಅಂದ್ಕೋತಾರ, ಮ್ಯಾಲಿನ ಹಾಳಿ ಅಲ್ಯೂಮಿನಿಯಂ ಇರಬಹುದು, ಒಳಗಿಂದು ಪ್ಲಾಸ್ಟಿಕ್ಕೇ, 110-120 ಡಿಗ್ರಿಗಿ ಕರಗಿ ಹನಿ ಹನಿ ಬೀಳ್ತದ. ಡಬ್ಬಿ ಫೋಮ್ ಸ್ಪ್ರೇ ಪೂರ್ತಿ ಉರಿಯೋ ಸಾಮಾನು, ಬೆಂಕಿ ತಡೀತದ ಅಂತ ಬಣ್ಣ ಹಾಕಿ ಮಾರೋ ಫೋಮ್ ಸೈತ ಗ್ವಾಡಿ ಸಂದಿ ಮುಚ್ಚಲಾಕ ಮಾಡಿದ್ದು, ಹೊಗಿ ಪೈಪಿನ ಸುತ್ತ ಹಾಕಲಾಕ ಅಲ್ಲ. ಗ್ಲಾಸ್‌ವುಲ್‌ನ ಗಾಜಿನ ಎಳಿ ಬ್ಯಾಗನೇ ಕರಗಂಗಿಲ್ಲ ಆದ್ರ ಆ ಎಳಿ ಹಿಡಿದಿಟ್ಟ ಅಂಟು 250 ಡಿಗ್ರಿ ಹತ್ರಕ್ಕ ಸುಟ್ಟು ಹೋಗ್ತದ, ಆಮ್ಯಾಲ ಅದು ಕುಸದು ಕುಂದ್ರತದ. ರಾಕ್‌ವುಲ್ ಮಾತ್ರ ಕಲ್ಲು ಕರಗಿಸಿ ನೂಲು ತಗದಂಗ ಮಾಡಿದ್ದು, ಎಳಿ ಕರಗಬೇಕಂದ್ರ 1000 ಡಿಗ್ರಿ ದಾಟ್ಬೇಕು, ಉರಿಯಂಗಿಲ್ಲ, ನೀರೂ ಹೀರ್ಕೊಳ್ಳೋದು ಕಮ್ಮಿ. ಸಿಮೆಂಟ್ ಫ್ಯಾಕ್ಟರಿ ಬಾಯ್ಲರ್ ಪೈಪಿಗಿ ಜಾಳಿಗಿ ಹಚ್ಚಿ ಸುತ್ತಿರ್ತಾರಲ್ಲ, ಅದೇ. ಸೇಡಂ, ಶಹಾಬಾದ್, ವಾಡಿ ಕಡಿ ಫ್ಯಾಕ್ಟರಿ ಕೆಲಸ ಮಾಡ್ದವ್ರು ನಿಮ್ಮ ಬಳಗದಾಗ ಯಾರರ ಇದ್ರ ಅವ್ರಿಗಿ ಇದರ ಬಗ್ಗೆ ಚೊಲೋ ಗೊತ್ತಿರ್ತದ. ಇನ್ನ ಸಿರಾಮಿಕ್ ವುಲ್ ಕಂಬಳಿ 1260 ಡಿಗ್ರಿ ದರ್ಜೆದ್ದು, ಭಟ್ಟಿಗಿ ಹಾಕೋದು. ಆದ್ರ ರಾಕ್‌ವುಲ್ ಆಗ್ಲಿ ಸಿರಾಮಿಕ್ ಆಗ್ಲಿ ಮಾಸ್ಕ್, ಕೈಗವಸು ಇಲ್ದ ಮುಟ್ಟಬ್ಯಾಡ್ರಿ, ಅದರ ಸಣ್ಣ ಎಳಿ ಪುಪ್ಪಸಕ್ಕ ಹೋಗ್ತಾವ, ಹಳೀ ಸಿಮೆಂಟ್ ಶೀಟು ಇದ್ರ ಅದು ಆಸ್ಬೆಸ್ಟಾಸ್ ಇರ್ತದ, ಅದನ್ನಂತೂ ಗರಗಸ ಹಚ್ಚಿ ಕೊಯ್ಯಲೇಬಾರ್ದು.

ಕಲ್ಲಿನ ವಿಷಯ ಒಂದು ಬ್ಯಾರೆ ಹೇಳ್ಬೇಕು ಯಾಕಂದ್ರ ನಮ್ಮ ಕಡಿ ಎಲ್ಲದಕ್ಕೂ ಶಹಾಬಾದ್ ಫರಸಿನೇ ಪರಿಹಾರ. ಪೈಪು ಕಟಗಿ ನಡುವ ಒಂದು ಫರಸಿ ನಿಲ್ಲಿಸಿದ್ರ ಆಯ್ತು ಅಂತಾರ. ಫರಸಿ ಉರಿಯಂಗಿಲ್ಲ, ಖರೇ. ಆದ್ರ ಉರಿಯಂಗಿಲ್ಲ ಅನ್ನೋದು ಬ್ಯಾರೆ, ಬಿಸಿ ತಡೀತದ ಅನ್ನೋದು ಬ್ಯಾರೆ. ಕಲ್ಲು ರಾಕ್‌ವುಲ್‌ಗಿಂತ ಹತ್ತಾರು ಪಟ್ಟು ಜೋರಾಗಿ ಬಿಸಿ ದಾಟಸ್ತದ, ಎರಡು ತಾಸು ಉರಿದ್ರ ಫರಸಿ ಈ ಕಡಿ ಬಿಸಿ ಆ ಕಡಿ ಕಟಗಿಗಿ ಮುಟ್ಟೇ ಮುಟ್ತದ, ರೊಟ್ಟಿ ಹಂಚಿನಂಗ. ಇಟ್ಟಂಗಿ ಗ್ವಾಡಿನೂ ಹಂಗೇ. ಅದಕ್ಕ ಕಲ್ಲು ಹಾಕ್ರಿ ಬ್ಯಾಡ ಅನ್ನಂಗಿಲ್ಲ, ಕಲ್ಲಿನ ಹಿಂದ ಗಾಳಿ ಆಡೋ ಜಾಗಾ ಬಿಟ್ಟು ಹಾಕ್ರಿ.

ಎಷ್ಟು ಜಾಗಾ ಅನ್ನೋ ಪ್ರಶ್ನಿಗಿ ಪಕ್ಕಾ ಲೆಕ್ಕ ಕಟ್ಟಿಟ್ಟವ್ರು ಅಮೆರಿಕಾದವ್ರು, ಯಾಕಂದ್ರ ಅಲ್ಲಿ ಮನಿ ಮನಿಗೂ ಕಟಗಿ ಚಪ್ಪರ, ಅದರ ಕೆಳಗ ಅಟ್ಟ, ಅಟ್ಟದ ತುಂಬ ಥಂಡಿ ತಡ್ಯೋ ಇನ್ಸುಲೇಷನ್, ಅದರ ನಡುವಿಂದ ಚಿಮಣಿ. ನಮ್ಮ ಪತ್ರಾ ಮತ್ತ ಸೀಲಿಂಗ್ ನಡುವಿನ ಕತ್ತಲ ಜಾಗಾ ಇರ್ತದಲ್ಲ, ಅದು ಅವರ ಅಟ್ಟ ಇದ್ದಂಗೇ. ಅವರ ಮನಿ ಕಟ್ಟೋ ಕಾನೂನಿನ್ಯಾಗ ಮನಿ ಒಳಗಿನ ಇಟ್ಟಂಗಿ ಚಿಮಣಿಯಿಂದ ಕಟಗಿ 2 ಇಂಚು ದೂರ ಇರ್ಬೇಕು. ಫ್ಯಾಕ್ಟರಿಯೊಳಗ ಮಾಡಿ ಪರೀಕ್ಷಾ ಮಾಡಿದ ಎರಡು ಪದರಿನ ಕಟಗಿ ಒಲಿ ಪೈಪಿದ್ರ ಸಾಮಾನ್ಯವಾಗಿ 2 ಇಂಚು, ಗ್ಯಾಸ್ ಯಂತ್ರದ ಎರಡು ಪದರಿನ ಪೈಪಿದ್ರ 1 ಇಂಚು. ಆ ಜಾಗಾದಾಗ ಇನ್ಸುಲೇಷನ್ ಹಾಕಬಾರ್ದು, ಗ್ಲಾಸ್‌ವುಲ್ ಸೈತ ಹಾಕಬಾರ್ದು. ಉರಿಯಲಾರದ ಸಾಮಾನೇ ಆದ್ರೂ ಯಾಕ ಬ್ಯಾಡ ಅಂದ್ರ ಕೌದಿ ಮಾತು ನೆನಪ ಮಾಡ್ಕೋರಿ, ಅದು ಉರಿಯಂಗಿಲ್ಲ ಆದ್ರ ಪೈಪಿನ ಬಿಸಿ ಹೆಚ್ಚಸ್ತದ, ಆ ಹೆಚ್ಚಿದ ಬಿಸಿ ಪಕ್ಕದ ಕಟಗಿಗಿ ಹೋಗ್ತದ. ಪೈಪು ಪರೀಕ್ಷಾ ಪಾಸ್ ಆದದ್ದು ಸುತ್ತ ಗಾಳಿ ಇದ್ದಾಗ.

ಈಗ ನಮ್ಮದಕ್ಕ ಬರ್ರಿ. ನಮ್ಮಲ್ಲಿ ಬಂಬಿಗಿ ಹಾಕೋದು ಒಂದೇ ಪದರಿನ ತಗಡಿನ ಪೈಪು. ಕಟಗಿ ಉರಿಯೋ ಒಂದು ಪದರಿನ ಪೈಪಿಗಿ ಅವರ ನಿಯಮ 18 ಇಂಚು ದೂರ, ಅಷ್ಟೇ ಅಲ್ಲ, ಅಂಥಾ ಪೈಪು ಸೀಲಿಂಗ್ ಅಥವಾ ಅಟ್ಟದಾಗ ಹಾಯಿಸಲೇಬಾರ್ದು ಅಂತದ, ಸೀಲಿಂಗ್ ಬಂದಲ್ಲಿಂದ ಎರಡು ಪದರಿನ ಪೈಪಿಗಿ ಬದಲಾಯಿಸ್ಬೇಕು. ಲೆಕ್ಕ ಹಾಕಿ ನೋಡ್ರಿ, 4 ಇಂಚಿನ ಒಂದು ಪದರಿನ ಪೈಪಿದ್ರ ಆ ಕಡಿ 18, ಈ ಕಡಿ 18, ನಡುವ 4, ಒಟ್ಟು 40 ಇಂಚು, ಅಂದ್ರ ಮೂರು ಫೂಟಿಗಿಂತ ಅಗಲದ ಚೌಕ ಪೂರ್ತಿ ಥರ್ಮಾಕೋಲ್, ಪಿವಿಸಿ, ಕಟಗಿ ಏನೂ ಇಲ್ದ ಖಾಲಿ ಇರ್ಬೇಕು. ಅದೇ ಪರೀಕ್ಷಾ ಆದ ಎರಡು ಪದರಿನ ಪೈಪು, ಹೊರಗಿನ ಅಗಲ 8 ಇಂಚು ಅಂತ ಇಟ್ಕೋರಿ, 2 ಕೂಡಿಸಿ 8 ಕೂಡಿಸಿ 2, ಒಟ್ಟು 12 ಇಂಚಿನ್ಯಾಗ ಕೆಲಸ ಮುಗೀತು. ಪೈಪಿಗಿ ರೊಕ್ಕ ಹೆಚ್ಚು ಹೋದ್ರೂ ಮಂದಿ ಯಾಕ ಹಾಕ್ತಾರ ಅನ್ನೋದು ಇದ್ರಾಗೇ ತಿಳೀತದ. ಇನ್ನೊಂದು, ಆ ಪರೀಕ್ಷಾ ಎಲ್ಲ ಆಗೋದು ಸಾಧಾರಣ ಥಂಡನ್ನ ರೂಮಿನ್ಯಾಗ. ಸುತ್ತಲಿನ ಗಾಳಿಗಿಂತ ಕಟಗಿ ಇಷ್ಟು ಡಿಗ್ರಿ ಮಾತ್ರ ಹೆಚ್ಚು ಬಿಸಿ ಆಗ್ಬೇಕು ಅಂತ ನೋಡ್ತಾರ. ನಮ್ಮ ಪತ್ರಾ ಕೆಳಗ ಮೇ ತಿಂಗಳು ಮಧ್ಯಾಹ್ನ ಗಾಳಿನೇ ಕಾದು ಕುಂತಿರ್ತದ, ಅದರ ಮ್ಯಾಲ ಪೈಪಿನ ಬಿಸಿ ಕೂಡ್ತದ. ಹಿಂಗಾಗಿ ಅವರ ಲೆಕ್ಕ ನಮಗ ಕಮ್ಮಿಯೊಳಗ ಕಮ್ಮಿ ಅಂತ ತಿಳೀಬೇಕು, ಜಾಗಾ ಇದ್ರ ಇನ್ನಷ್ಟು ಬಿಡ್ರಿ, ಖಾನಾವಳಿ ಇದ್ರಂತೂ ಬಿಡ್ಲೇಬೇಕು.

18 ಇಂಚು ಎಲ್ಲಿಂದ ತರೋಣ್ರಿ, ಬಚ್ಚಲೇ ನಾಲ್ಕು ಫೂಟ್ ಅದ ಅಂತೀರಿ. ಅದಕ್ಕೂ ದಾರಿ ಅದ. ಪೈಪು ಗ್ವಾಡಿ ನಡುವ ಒಂದು ತಗಡಿನ ಹಾಳಿ ನಿಲ್ಲಿಸಿ, ಆ ತಗಡು ಗ್ವಾಡಿಗಿ ಹತ್ತದಂಗ 1 ಇಂಚು ಮುಂದ ಇಟ್ಟು, ಕೆಳಗ ಮ್ಯಾಲ ಎರಡೂ ಕಡಿ ತೆರದು ಬಿಟ್ರ, ಕೆಳಗಿಂದ ಥಂಡ ಗಾಳಿ ಒಳಗ ಹೋಗಿ ಬಿಸಿಯಾಗಿ ಮ್ಯಾಲ ಹೋಗ್ತಿರ್ತದ, ಗ್ವಾಡಿ ಥಂಡ ಉಳೀತದ. ಅಮೆರಿಕಾದ ನಿಯಮದಾಗ 24 ಗೇಜ್ ದಪ್ಪದ ತಗಡು (ಗೇಜ್ ನಂಬರ್ ಕಮ್ಮಿ ಇದ್ದಷ್ಟು ತಗಡು ದಪ್ಪ) ಹಿಂಗ ನಿಲ್ಲಿಸಿದ್ರ ಗ್ವಾಡಿ ಕಡಿ ದೂರ ಮೂರನೇ ಒಂದು ಪಾಲಿಗಿ ಇಳಿಸ್ಲಾಕ ಬಿಡ್ತಾರ, ಅಂದ್ರ 18 ಇಂಚು ಇದ್ದದ್ದು 6 ಇಂಚು. ಒಂದೇ ಇಂಚು ಖಾಲಿ ಗಾಳಿ ಒಂದು ಫೂಟ್ ಜಾಗಾ ಉಳಿಸ್ಕೊಡ್ತದ. ಆದ್ರ ತಗಡು ಗ್ವಾಡಿಗೇ ಹತ್ತಿಸಿ ಹೊಡದ್ರ ಲಾಭ ಏನೂ ಇಲ್ಲ, ನಮ್ಮ ಕಡಿ ಮಾಡೋದೇ ಹಂಗ, ಗಾಳಿ ಆಡೋದೇ ಅದರ ಜೀವ. ನಡುವ ಇಡೋ ಸ್ಪೇಸರ್ ಮೊಳಿ ಪೈಪಿನ ನೇರಕ್ಕ ಬರಬಾರ್ದು, ಅಂಚಿಗಿ ಇರ್ಬೇಕು.

ನಾವು ಕಡಿಗಿ ಏನು ಮಾಡಿದ್ವಿ ಅಂದ್ರ, ಮೊದಲ ಪೈಪಿನ ಸುತ್ತ ಇದ್ದ ಥರ್ಮಾಕೋಲ್, ಫೋಮ್, ಕಟಗಿ ಪಟ್ಟಿ, ಪಿವಿಸಿ ಎಲ್ಲಾ ಕಡಿದು ತಗದ್ವಿ, ನಾಲ್ಕೂ ಕಡಿ 18 ಇಂಚಿಗಿಂತ ಹೆಚ್ಚೇ. ನಮ್ಮ ಪತ್ರಾ ಕೆಳಗಿನ ಆಂಗಲ್ ಕಬ್ಬಿಣದ್ದು, ಅದು ಉರಿಯಂಗಿಲ್ಲ, ಹಿಂಗಾಗಿ ಮ್ಯಾಲ ಸಮಸ್ಯಾ ಇರ್ಲಿಲ್ಲ. ಹಳೀ ಪೈಪು ಜಿಐ ಇತ್ತು, ಅದನ್ನೂ ತಗದ್ವಿ, ಯಾಕಂದ್ರ ಜಿಐ ಮ್ಯಾಲಿನ ಸತುವಿನ ಲೇಪ 419 ಡಿಗ್ರಿಗಿ ಕರಗ್ತದ, 200 ದಾಟಿದ್ರೇ ಅದರ ಬಾಳಿಕಿ ಕಮ್ಮಿ ಆಗ್ತದ, ಭಾಳ ಕಾದ್ರ ಕೆಟ್ಟ ಹೊಗಿನೂ ಬಿಡ್ತದ. ಬೆಂಕಿಗಿ ನೇರ ಹತ್ತೋ ಪೈಪು ಸ್ಟೀಲಿಂದು ಇರ್ಬೇಕು, ಜಿಐ ಹೊರಗಿನ ಕವಚಕ್ಕ ಸಾಕು. ಸೀಲಿಂಗ್ ಮಟ್ಟದಾಗ ಅಷ್ಟು ದೊಡ್ಡ ಕಿಂಡಿ ತೆರದೇ ಬಿಡಲಾಕ ಬರಂಗಿಲ್ಲ, ಹಲ್ಲಿ, ಇಲಿ, ಧೂಳು, ಝಳ ಎಲ್ಲಾ ಇಳೀತಾವ, ಅದಕ್ಕ ಅಲ್ಲಿ ಒಂದು ಜಿಐ ತಗಡಿನ ಚೌಕ ಹಾಳಿ ಕೂಡಿಸಿ, ನಡುವ ಪೈಪು ಹಾಯೋ ಅಷ್ಟು ದುಂಡಗ ಕೊರದು, ಪೈಪಿಗಿ ತಗಡಿಗಿ ನಡುವಿನ ಕೂದಲೆಳಿ ಸಂದಿಗಿ ಭಟ್ಟಿ ಸಿಮೆಂಟ್ ಮೆತ್ತಿದ್ವಿ. ಸಾದಾ ಸಿಲಿಕಾನ್ ಅಲ್ಲಿ ಹಾಕಬ್ಯಾಡ್ರಿ, ಅದು 200 ಡಿಗ್ರಿ ಹತ್ರಕ್ಕ ಸುಟ್ಟು ಬಿರಿತದ. ತಗಡಿನ ಹಾಳಿ ಪಿವಿಸಿಗಿ ನೇರ ಹತ್ತಲಾರದಂಗ ಅಂಚಿಗಿ ರಾಕ್‌ವುಲ್ ಪಟ್ಟಿ ಇಟ್ವಿ, ಯಾಕಂದ್ರ ತಗಡೇ ಪೈಪಿನ ಬಿಸಿ ಒಯ್ದು ಪಿವಿಸಿಗಿ ಕೊಟ್ರ ಮತ್ತ ಅದೇ ಕಥಿ.

ಆಮ್ಯಾಲ ಮುಖ್ಯದ್ದು ಕಟ್ಟಿ. ಸೀಲಿಂಗ್ ಮ್ಯಾಲ ಉಳದ ಇನ್ಸುಲೇಷನ್ ಇವತ್ತು ದೂರ ಇರಬಹುದು, ನಾಳಿ ಗಾಳಿಗಿ ಸರೀತದ, ಇಲಿ ಎಳೀತದ, ಲೈಟ್ ರಿಪೇರಿಗಿ ಬಂದವ್ರು ಆ ಕಡಿ ದಬ್ತಾರ. ಅದಕ್ಕ ಪೈಪಿನಿಂದ ದೂರ ಬಿಟ್ಟ ಗೆರಿ ಮ್ಯಾಲ ಸುತ್ತಲೂ ತಗಡಿನ ಒಂದು ಸಣ್ಣ ಗ್ವಾಡಿ ಎಬ್ಬಿಸ್ಬೇಕು, ಇನ್ಸುಲೇಷನ್‌ಗಿಂತ ನಾಲ್ಕು ಬೆರಳು ಎತ್ತರ, ಬಾವಿಗಿ ಕಟ್ಟಿ ಕಟ್ಟಿದಂಗ. ಅಮೆರಿಕಾದಾಗ ಅಟ್ಟಕ್ಕ ಇನ್ಸುಲೇಷನ್ ತುಂಬೋವ್ರು ಮೊದಲ ಮಾಡೋ ಕೆಲಸನೇ ಇದು, ಅಲ್ಲಿ ಹಾಳಿ ರದ್ದಿ ಪುಡಿ ಮಾಡಿ ಊದಿ ತುಂಬ್ತಾರ, ಕಟ್ಟಿ ಇಲ್ಲಂದ್ರ ಅದು ಹರದು ಬಂದು ಚಿಮಣಿಗಿ ಆನ್ಕೋತದ. ಕಟ್ಟಿಯ ಆ ಕಡಿ ಒಂದು ಫೂಟ್ ರಾಕ್‌ವುಲ್, ಅದರ ಆಚಿ ಬೇಕಾದ್ರ ಬ್ಯಾರೆ ಇನ್ಸುಲೇಷನ್, ಕಟ್ಟಿ ಈ ಕಡಿ ಏನೂ ಇಲ್ಲ, ಬರೇ ಗಾಳಿ. ಅಷ್ಟು ಚೌಕದಾಗ ಝಳ ಬರ್ತದಲ್ಲ ಅಂದ್ರ ಹೌದು ಬರ್ತದ, ಮೂರು ಫೂಟ್ ಚೌಕ ಝಳ ನಾವು ಒಪ್ಕೊಂಡೀವಿ, ಅದೂ ಬಚ್ಚಲದಾಗ. ಆ ಚೌಕದ ಒಳಗ ವೈರ್ ಹಾಯಬಾರ್ದು, ಮನಿ ವೈರಿನ ಸಾದಾ ಪಿವಿಸಿ ಹೊದಿಕಿ 70 ಡಿಗ್ರಿ ಲೆಕ್ಕದ್ದು, ನಮ್ಮದೊಂದು ಲೈಟಿನ ವೈರ್ ಪೈಪಿಗಿ ಆನ್ಕೊಂಡೇ ಹೋಗಿತ್ತು, ದೇವರು ದೊಡ್ಡಾವ.

ಪತ್ರಾ ಮ್ಯಾಲ ಪೈಪು ಎಷ್ಟು ಎತ್ತರ ಇರ್ಬೇಕು ಅಂದ್ರ ತೂತಿನಿಂದ 3 ಫೂಟ್ ಮ್ಯಾಲ, ಮತ್ತ 10 ಫೂಟ್ ಒಳಗ ಇರೋ ಯಾವುದೇ ಗ್ವಾಡಿ, ಟಾಕಿಗಿಂತ 2 ಫೂಟ್ ಮ್ಯಾಲ, ಇದೂ ಅವರ ಲೆಕ್ಕನೇ. ಗಿಡ್ಡ ಇದ್ರ ಗಾಳಿ ಹೊಗಿನ ಒಳಗ ದಬ್ತದ, ಕಿಡಿ ಬಾಜೂ ಮನಿ ಕಣಕಿ ಬಣವಿ ಮ್ಯಾಲ ಬೀಳ್ತಾವ. ಮ್ಯಾಲ ಟೊಪ್ಪಿಗಿ ಹಾಕ್ಸಿ ಜಾಳಿಗಿ ಕಟ್ಟಿಸ್ರಿ. ಮಳಿ ನೀರು ಇಳಿದ್ರ ಪೈಪು ತುಕ್ಕು ಹಿಡಿದು ತೂತು ಬೀಳ್ತದ, ಆ ತೂತು ಸೀಲಿಂಗ್ ಮ್ಯಾಲ ಕತ್ತಲದಾಗ ಇರ್ತದ, ಯಾರಿಗೂ ಕಾಣಂಗಿಲ್ಲ.

ನಮ್ಮ ಅಜ್ಜನ ಕಾಲದ ಮಾಳಗಿ ಮನ್ಯಾಗ ಈ ಯಾವ ತೊಂದ್ರಿನೂ ಇರ್ಲಿಲ್ಲ ಅಂತ ಕೆಲವ್ರು ಅಂತಾರ. ಅಲ್ಲಿ ತೊಲಿ ಜಂತಿ ಎಲ್ಲಾ ಕಟಗಿನೇ, ಆದ್ರ ಒಲಿ ಮ್ಯಾಲ ಬೆಳಕಿಂಡಿ ಇತ್ತು, ಅದರ ಸುತ್ತ ಮಣ್ಣು. ಹೊಗಿ ಅಡಗಿ ಮನಿ ತುಂಬ ಹರಡಿ ತಣ್ಣಗಾಗಿ ಆ ಕಿಂಡಿಯಿಂದ ಹೋಗ್ತಿತ್ತು, ಪೈಪಿನ್ಯಾಗ ಕೂಡಿಟ್ಟ ಬಿಸಿ ಇರ್ಲಿಲ್ಲ. ನಮ್ಮ ಅಜ್ಜಿ ಕಣ್ಣು ಆ ಹೊಗಿಗೇ ಹಾಳಾದದ್ದು, ಅದನ್ನ ಯಾರೂ ಮರೀಬಾರ್ದು. ಈಗ ಯಾದಗಿರಿ, ಬೀದರ್ ಕಡಿ ಹಳ್ಳ್ಯಾಗ ಅಂಥಾ ಹಳೀ ಮನಿಗಿ ಹೊಸ ಪೈಪು ಕೂಡ್ಸೋವ್ರು ಇದ್ದಾರ, ಜಂತಿಗಿ ಆನಿಸಿ ಪೈಪು ಬಿಡ್ತಾರ, ಅದು ಬ್ಯಾಡ್ರಿ, ನೂರು ವರ್ಷ ಒಣಗಿದ ತೇಗದ ಜಂತಿ ಅದು. ಕಾಂಕ್ರೀಟ್ ಸ್ಲ್ಯಾಬ್ ಇದ್ದವ್ರಿಗಿ ಇಷ್ಟು ಚಿಂತಿ ಇಲ್ಲ, ಸ್ಲ್ಯಾಬ್ ಉರಿಯಂಗಿಲ್ಲ, ಕೆಳಗ ಹೊಡ್ಸಿದ ಸೀಲಿಂಗ್ ಮತ್ತ ಮ್ಯಾಲ ಹಾಸಿದ ಥರ್ಮಾಕೋಲ್ ಪೈಪಿನಿಂದ ದೂರ ಇದ್ರ ಸಾಕು.

ತಂದೂರ್ ಹೋಟೆಲ್, ಬೇಕರಿ, ಚುರಮರಿ ಭಟ್ಟಿ ಇದ್ದವ್ರದು ಬ್ಯಾರೆ ಲೆಕ್ಕ. ಅಲ್ಲಿ ಪೈಪು ದಿನಕ್ಕ ಹದಿನಾಲ್ಕು ತಾಸು ಬಿಸಿ ಇರ್ತದ, ಕರಿಯೋ ಎಣ್ಣಿ ಹಬಿ ಪೈಪಿನ ಒಳಗ ಜಿಡ್ಡಾಗಿ ಕುಂದ್ರತದ. ಕಡಾಯಿ ಒಮ್ಮೆ ಭಗ್ ಅಂದು ಹತ್ತಿದ್ರ ಆ ಜಿಡ್ಡು ಹತ್ತಿ ಪೈಪು ಉದ್ದಕ್ಕೂ ಉರೀತದ. ಅಮೆರಿಕಾದಾಗ ಹೋಟೆಲ್ ಅಡಗಿ ಹೊಗಿ ಡಕ್ಟ್ 16 ಗೇಜ್ ಉಕ್ಕಿಂದು, ಇಲ್ಲಾ 18 ಗೇಜ್ ಸ್ಟೇನ್‌ಲೆಸ್, ಎಲ್ಲ ಜೋಡ ಎಣ್ಣಿ ಸೋರದಂಗ ವೆಲ್ಡ್ ಆಗಿರ್ಬೇಕು, ಉರಿಯೋ ಸಾಮಾನಿನಿಂದ 18 ಇಂಚು ದೂರ ಇರ್ಬೇಕು. ಕಟಗಿ ಇದ್ದಲಿ ಒಲಿ ಇದ್ರ ತಿಂಗಳಿಗೊಮ್ಮೆ ಒಳಗ ನೋಡ್ಬೇಕು, ಜಿಡ್ಡಿದ್ರ ತಗೀಬೇಕು. ನಮ್ಮಲ್ಲಿ ತೆಳ್ಳನ ಜಿಐ ಡಕ್ಟ್ ರಿವೆಟ್ ಹೊಡದು, ಅದರ ಮ್ಯಾಲ ಚಂದ ಕಾಣ್ಲಿ ಅಂತ ಪ್ಲೈವುಡ್ ಪೆಟ್ಟಿಗಿ ಕಟ್ತಾರ. ಹೋಟೆಲ್ ಮಾಲಕರಿಗಿ ಕೈ ಮುಗದು ಕೇಳ್ಕೋತೀನಿ, ಆ ಪ್ಲೈವುಡ್ ಪೆಟ್ಟಿಗಿ ತಗಸ್ರಿ. ರಾತ್ರಿ ಅದರ ಕೆಳಗ ಮಲಗೋವ್ರು ನಿಮ್ಮ ಹುಡುಗ್ರೇ.

ಮನಿ ಅಡಗಿ ಮನಿ ಕರೆಂಟ್ ಚಿಮಣಿ ಅಷ್ಟು ಬಿಸಿ ಆಗಂಗಿಲ್ಲ. ಅಲ್ಲಿ ತಪ್ಪು ಬ್ಯಾರೆ ಕಡಿ ಆಗ್ತದ, ಸುರಳಿ ಅಲ್ಯೂಮಿನಿಯಂ ಪೈಪನ್ನ ಸೀಲಿಂಗ್ ಒಳಗ ಬಿಟ್ಟು ಹೊರಗ ಒಯ್ಯಂಗೇ ಇಲ್ಲ. ಎಣ್ಣಿ ಹಬಿ ಎಲ್ಲಾ ಇನ್ಸುಲೇಷನ್ ಮ್ಯಾಲ ಕುಂದ್ರತದ, ಎಣ್ಣಿ ಕುಡದ ಹತ್ತಿ ಬತ್ತಿ ಏನಾಗ್ತದ ಅನ್ನೋದು ದೀಪ ಹಚ್ಚೋವ್ರಿಗಿ ಹೇಳ್ಬೇಕಾ. ಪೈಪು ಗ್ವಾಡಿ ದಾಟಿ ಹೊರಗ ಹೋಗ್ಲಿ, ಬಾಗು ಕಮ್ಮಿ ಇರ್ಲಿ, ಅಷ್ಟ.

ಹೊಗಿ ಕಾಣೋದು ಕಾಣ್ತದ, ಕಾಣಲಾರದ್ದು ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷದ ಗಾಳಿ. ಬಣ್ಣ ಇಲ್ಲ, ವಾಸನಿ ಇಲ್ಲ, ತಲಿ ಸುತ್ತಿ ನಿದ್ದಿ ಬಂದಂಗಾಗಿ ಮನಶ್ಯಾ ಅಲ್ಲೇ ಬೀಳ್ತಾನ. ಪೈಪಿನ ಸುತ್ತ ಜಾಗಾ ಬಿಡ್ಬೇಕಾದ್ರ ಪೈಪು ಸಣ್ಣದು ಮಾಡೋದು, ಟೊಪ್ಪಿಗಿ ತೂತು ಮುಚ್ಚೋದು ಮಾಡಿದ್ರ ಹೊಗಿ ವಾಪಸ್ ಬಚ್ಚಲಕ್ಕೇ ಇಳೀತದ. ಅವ್ವಗ ಈಗ ನಾವು ಹೇಳಿಟ್ಟೀವಿ, ಬಂಬ್ ಉರಿಯುವಾಗ ಬಾಗಲಾ ಕಿಡಕಿ ಎರಡೂ ತೆರದಿರ್ಬೇಕು, ಕೆಂಡ ಆರಿದ ಮ್ಯಾಲೇ ಜಳಕ. ಗ್ಯಾಸ್ ಗೀಸರ್ ಇದ್ದವ್ರೂ ಅದನ್ನ ಬಚ್ಚಲ ಒಳಗ ಇಡಬ್ಯಾಡ್ರಿ, ಗಾಳಿ ಆಡೋ ಹೊರಗಿನ ಜಾಗಾದಾಗ ಇಡ್ರಿ.

ಇನ್ನ ಕಟಗಿ. ತೊಗರಿ ಕಟಗಿ, ಹತ್ತಿ ಕಟಗಿ ನಮ್ಮ ಕಡಿ ಪುಕ್ಕಟೆ ಸಿಗೋದು, ಒಣಗಿದ್ದು ಭರ್ ಅಂತ ದೊಡ್ಡ ಜ್ವಾಲಿ ಎಬ್ಬಸ್ತದ, ಪೈಪಿನ ಬಿಸಿ ಒಮ್ಮೆಲೇ ಏರ್ತದ, ಕಿಡಿ ಮ್ಯಾಲ ಹಾರ್ತಾವ. ಒಂದೇ ಸಲ ಸೂಡು ತುರುಕೋದ್ಕಿಂತ ಸ್ವಲ್ಪ ಸ್ವಲ್ಪ ಹಾಕ್ಬೇಕು. ಹಸಿ ಜಾಲಿ ಕಟಗಿ ಉಲ್ಟಾ, ಜ್ವಾಲಿ ಕಮ್ಮಿ ಹೊಗಿ ಹೆಚ್ಚು, ಆ ಹೊಗಿ ಪೈಪಿನ ಥಂಡ ಮೈಗಿ ಹತ್ತಿ ಡಾಂಬರಿನಂಥ ಕರಿ ಜಿಡ್ಡಾಗ್ತದ. ಒಂದಿನ ತೊಗರಿ ಕಟಗಿ ಜ್ವಾಲಿ ಆ ಜಿಡ್ಡಿಗಿ ಹತ್ತಿದ್ರ ಪೈಪಿನ ಒಳಗೇ ಬೆಂಕಿ, 1000 ಡಿಗ್ರಿ ದಾಟ್ತದ, ಪೈಪು ಕೆಂಪಗಾಗಿ ವಿಮಾನದಂಗ ಸದ್ದು ಮಾಡ್ತದ. ಹಂಗಾದ್ರ ಪೈಪಿಗಿ ನೀರು ಹೊಡೀಬ್ಯಾಡ್ರಿ, ಒಲಿ ಬಾಯಿ ಮತ್ತ ಗಾಳಿ ಹೋಗೋ ಕಿಂಡಿ ಮುಚ್ರಿ, ಎಲ್ಲರನ್ನೂ ಹೊರಗ ಕರ್ಕೊಂಡು ಬರ್ರಿ, 101 ಇಲ್ಲಾ 112ಕ್ಕ ಫೋನ್ ಮಾಡ್ರಿ.

ವರ್ಷಕ್ಕೊಮ್ಮೆ ಪೈಪು ನೋಡ್ಲಾಕ ನಮ್ಮಲ್ಲಿ ಬ್ಯಾರೆ ದಿನ ಹುಡುಕೋದ್ ಬೇಕಾಗಿಲ್ಲ. ದೀಪಾವಳಿಗಿ ನೀರು ತುಂಬೋ ಹಬ್ಬದ ದಿನ ಹೆಂಗೂ ಹಂಡೆ, ಬಂಬ್ ಹುಣಸಿಹಣ್ಣು ಹಚ್ಚಿ ತಿಕ್ಕಿ ಬೆಳಗ್ತೀವಿ, ಸುಣ್ಣ ಕೆಮ್ಮಣ್ಣು ಪಟ್ಟಿ ಬರೀತೀವಿ. ಅದೇ ದಿನ ಪೈಪು ಬಿಚ್ಚಿ ಬ್ರಷ್ ಹಾಕಿ ಕರಿ ಉದುರಿಸ್ರಿ, ಬಿಸಲಿಗಿ ಹಿಡಿದು ಕಣ್ಣು ಹಚ್ಚಿ ನೋಡ್ರಿ, ಎಲ್ಲ್ಯರ ಸೂಜಿ ತೂತು ಕಂಡ್ರ ಆ ತುಂಡು ಬದಲಿ ಮಾಡ್ರಿ. ಸೀಲಿಂಗ್ ಚೌಕದಾಗ ಟಾರ್ಚ್ ಬಿಟ್ಟು ಏನರ ಸರದು ಬಂದದ ಏನು, ಯಾವುದರ ಅಂಚು ಕಂದು ಆಗ್ಯಾದ ಏನು ನೋಡ್ರಿ. ಮರುದಿನ ಎಣ್ಣಿ ಜಳಕಕ್ಕ ಬಂಬ್ ಎರಡು ತಾಸು ಉರಿದ ಮ್ಯಾಲ ಕಟ್ಟಿ ಆಚಿ ಕಟಗಿಗಿ ಅಂಗೈ ಇಡ್ರಿ. ಐದು ಎಣಸೋ ತನಕ ಅಂಗೈ ಇಡ್ಲಾಕ ಆಗ್ಲಿಲ್ಲ ಅಂದ್ರ ಜಾಗಾ ಸಾಲ್ದು, ಅವತ್ತೇ ಒಲಿ ಆರಿಸಿ ಇನ್ನಷ್ಟು ಕಡಿದು ತಗೀರಿ. ನಮ್ಮ ಮನ್ಯಾಗ ಹ್ವಾದ ದೀಪಾವಳಿಗಿ ಅವ್ವನೇ ಸ್ಟೂಲ್ ಹತ್ತಿ ಕೈ ಇಟ್ಟು "ತಣ್ಣಗ ಅದಪ್ಪ" ಅಂದ್ಳು, ಆಮ್ಯಾಲೇ ನೀರು ತೋಡ್ಕೊಂಡ್ಳು.